ಬಿಳಿ ದುಪ್ಪಟಿ ಹೊರಗೆ ಒಣಹಾಕದ ಮನೆ

ಬೆಟ್ಟದ ಮೇಲಿನ ಕಾರ್‌ಬೋಡನ್ ತಂಗುಮನೆಯಲ್ಲಿ ಆ ಕಾಲಕ್ಕೆ ಒಂದು ರಾತ್ರಿ ಮಲಗಿ ಎದ್ದವರನ್ನು ಯಾರನ್ನಾದರೂ ಕೇಳಿ ನೋಡಿ, ಮೊದಲು ಹೇಳುವುದು ದುಪ್ಪಟಿಯ ಹೊಗೆ ವಾಸನೆಯ ವಿಷಯವನ್ನೇ. ಸೂರ್ಯೋದಯ, ಹಿಮದ ಶಿಖರ ಎಲ್ಲ ಆಮೇಲೆ. ಒಗೆದು ಮಡಿಸಿಟ್ಟ ಶುಭ್ರವಾದ ಬಿಳಿ ಬಟ್ಟೆ, ಮೂಗಿಗೆ ಹಿಡಿದರೆ ಮಾತ್ರ ಒಲೆಯ ಬಾಯಿಗೆ ತಲೆ ಕೊಟ್ಟ ಹಾಗೆ. ಇನ್ಸ್‌ಬ್ರುಕ್‌ನಿಂದ ಬಂದ ಪೇಟೆಯವರು ಮುಖ ಸಿಂಡರಿಸುತ್ತಿದ್ದರು. "ಇಷ್ಟು ಬಿಸಿಲು ಬೀಳತ್ತೆ, ಹೊರಗೆ ಒಣಗಿಸೋಕೇನು ರೋಗ ಈ ಹೆಂಗಸಿಗೆ?" ಎಂದು ಕಂಬಳಿಯೊಳಗೇ ಗೊಣಗುತ್ತಿದ್ದರು. ಗೊಣಗಲಿ. ದಿನವೆಲ್ಲ ಬೆಟ್ಟ ಹತ್ತಿ ಸೋತ ಮೈಗೆ ನಿದ್ದೆ ಬಂದ ಮೇಲೆ ಹೊಗೆಯೂ ಒಂದೇ, ಗುಲಾಬಿಯೂ ಒಂದೇ.

ಆ ಹೆಂಗಸಿನ ಹೆಸರು ನೋಟ್‌ಬುರ್ಗಾ. ಅಷ್ಟುದ್ದ ಕರೆಯುತ್ತಿದ್ದವರು ಪಾದ್ರಿಗಳೊಬ್ಬರೇ, ಅದೂ ಚರ್ಚಿನೊಳಗೆ. ನಮ್ಮ ಇನ್ನರ್‌ಮೂಸ್ ಊರಿಗೆಲ್ಲ ಅವಳು ಬುರ್ಗಿ. ಕುಳ್ಳು ಆಳು, ಅಗಲ ಭುಜ, ಗಂಟಲು ಮಾತ್ರ ಊರಿಗೆ ದೊಡ್ಡದು. ಬಾಗಿಲಲ್ಲಿ ಯಾರ ತಲೆ ಕಂಡರೂ ನಮಸ್ಕಾರಕ್ಕಿಂತ ಮೊದಲು ಅವಳ ಬಾಯಿಂದ ಬರುತ್ತಿದ್ದದ್ದು "ಬೂಟು!" ಅನ್ನುವ ಒಂದು ಕೂಗು. ಕೆಸರಿನ ಬೂಟನ್ನು ಹೊರಗಿನ ಪಡಸಾಲೆಯಲ್ಲಿ ಬಿಚ್ಚಿಟ್ಟು, ಗೋಡೆಗೆ ಜೋಡಿಸಿಟ್ಟ ಉಣ್ಣೆಯ ಚಪ್ಪಲಿಗಳಲ್ಲಿ ಕಾಲಿಗೆ ಹಿಡಿಸುವಂಥದ್ದನ್ನು ಹುಡುಕಿಕೊಳ್ಳಬೇಕು. ಹಿಡಿಸುವಂಥದ್ದು ಎಂದೂ ಸಿಗುತ್ತಿರಲಿಲ್ಲ. ಎಡಕ್ಕೆ ದೊಡ್ಡದು, ಬಲಕ್ಕೆ ಚಿಕ್ಕದು ಮೆಟ್ಟಿಕೊಂಡು ಊರಿನ ದೊಡ್ಡಮನುಷ್ಯರೆಲ್ಲ ಬಾತುಕೋಳಿಗಳಂತೆ ಊಟದ ಮೇಜಿಗೆ ನಡೆದು ಬರುತ್ತಿದ್ದರು.

ಈಗಿನ ತಂಗುಮನೆಗಳಲ್ಲಿ ಬಿಸಿನೀರು ಸುರಿಯುವ ಸ್ನಾನದ ಕೋಣೆಯಂತೆ, ಹೆಲಿಕಾಪ್ಟರಿನಲ್ಲಿ ಬಂದಿಳಿಯುವ ಬಿಯರಂತೆ. ಸುಖವಾಗಿರಲಿ, ನಮಗೇನು ಹೊಟ್ಟೆಕಿಚ್ಚೇ? ಆದರೆ ಆ ಒಂದೇ ಒಂದು ಉದ್ದ ಮೇಜು, ಎರಡು ಲಾಂದ್ರ, ಹೊಗೆ ಹಾಕಿದ ಹಂದಿಮಾಂಸದ ಚೂರು ಬಿದ್ದ ಬಾರ್ಲಿ ಸೂಪು, ಪಕ್ಕದಲ್ಲಿ ಭುಜಕ್ಕೆ ಭುಜ ಒತ್ತಿ ಕುಳಿತ ಹೆಸರೇ ಗೊತ್ತಿಲ್ಲದ ಮನುಷ್ಯ, ಅವನು ತನ್ನ ರೊಟ್ಟಿಯ ಅರ್ಧ ಮುರಿದು ಮಾತಿಲ್ಲದೆ ಈಚೆ ತಳ್ಳುವುದು... ಅದನ್ನು ಯಾವ ಹೆಲಿಕಾಪ್ಟರು ಹೊತ್ತು ತರುತ್ತದೆ ಹೇಳಿ. ಇನ್ನೊಂದು ಪದ್ಧತಿ ಇತ್ತು, ಈಗಲೂ ಅಲ್ಪಸ್ವಲ್ಪ ಉಳಿದಿದೆ. ಕೊನೆಯ ಪೈನ್ ಮರ ದಾಟಿದ ಮೇಲೆ ನಮ್ಮಲ್ಲಿ 'ನೀವು', 'ತಾವು' ಇಲ್ಲ. ಜಡ್ಜಾಗಲಿ, ಸೌದೆ ಗಾಡಿ ಹೊಡೆಯುವವನಾಗಲಿ, ಅಲ್ಲಿಂದ ಮೇಲೆ ಎಲ್ಲರೂ 'ನೀನು'. ಕೆಳಗಿಳಿದ ಮೇಲೆ ಮತ್ತೆ ಟೋಪಿ ತೆಗೆದು 'ತಾವು ಕ್ಷೇಮವೇ'. ಒಬ್ಬನೇ ಒಬ್ಬನಿಗೆ ಬುರ್ಗಿ ಬೆಟ್ಟದ ಮೇಲೂ 'ನೀವು' ಎನ್ನುತ್ತಿದ್ದಳು. ಅವನು ಅವಳ ಗಂಡನ ಅಣ್ಣ ರೋಮೆಡ್.

ರಾತ್ರಿ ಅಟ್ಟದ ಮೇಲೆ ಸಾಲು ಹಾಸಿಗೆ. ಒಬ್ಬ ಮಗ್ಗುಲು ತಿರುಗಿದರೆ ಸಾಲಿಗೆ ಸಾಲೇ ತಿರುಗಬೇಕು. ಬೇರೆ ತಂಗುಮನೆಗಳಲ್ಲಿ ಬರೀ ಒರಟು ಕಂಬಳಿ ಎಸೆಯುತ್ತಿದ್ದರು. ಬುರ್ಗಿ ಮಾತ್ರ ಪ್ರತಿಯೊಬ್ಬರಿಗೂ ಒಂದು ಬಿಳಿ ದುಪ್ಪಟಿ ಕೊಡುತ್ತಿದ್ದಳು. ದೊಡ್ಡಸ್ತಿಕೆಗೆ ಅಲ್ಲ. ಅವಳು ಹುಟ್ಟಿದ್ದು ನೆಲಕ್ಕೆ ಹುಲ್ಲು ಹಾಸಿ ಮಲಗುವ ಮನೆಯಲ್ಲಿ. ಅಂಥವಳಿಗೆ ಒಂದು ದುಪ್ಪಟಿಯ ಬೆಲೆ ಗೊತ್ತಿರುತ್ತದೆ.

ಹದಿನೇಳಕ್ಕೆ ಅವಳು ಕಾರ್‌ಬೋಡನ್‌ಗೆ ಅಡಿಗೆ ಕೆಲಸಕ್ಕೆ ಹತ್ತಿದ್ದು. ಆಗ ತಂಗುಮನೆ ನೋಡಿಕೊಳ್ಳುತ್ತಿದ್ದವನು ಸೆರಾಫಿನ್. ನಿಧಾನದ ಮನುಷ್ಯ, ಹಾಡಿದರೆ ಶ್ರುತಿಗೂ ಅವನಿಗೂ ಹುಟ್ಟಾ ದ್ವೇಷ. ಕಬ್ಬಿಣದ ಒಲೆಯನ್ನು ತುಂಡು ತುಂಡಾಗಿ ಬಿಚ್ಚಿ ಬೆನ್ನ ಮೇಲೆ ಹೊತ್ತು ಮೇಲೆ ತಂದವನು ಅವನೇ. ಕೊನೆಯ ತುಂಡು, ಒಲೆಯ ಮುಚ್ಚಳ, ತಂದ ದಿನ ಅದನ್ನು ಬುರ್ಗಿಯ ಮುಂದೆ ಇಟ್ಟು, "ಇನ್ನು ಇದನ್ನ ಬಿಟ್ಟು ಹೋಗೋಕಾಗಲ್ಲ ನೋಡು, ಇಷ್ಟು ಕಷ್ಟಪಟ್ಟಿದ್ದೀನಿ," ಎಂದ. ಅದು ಒಲೆಯ ಮಾತಲ್ಲ ಎಂದು ಅವಳಿಗೆ ತಿಳಿಯಿತು. ಮುಂದಿನ ವಸಂತಕ್ಕೆ ಮದುವೆಯಾಯಿತು.

ಒಮ್ಮೆ ಆಗಸ್ಟಿನಲ್ಲೇ ಹಿಮ ಬಿದ್ದು, ಇದ್ದ ಜಾಗದ ಎರಡರಷ್ಟು ಜನ ಬಂದು ತುಂಬಿದರು. ಕತ್ತಲಾದ ಮೇಲೆ ಬಾಗಿಲು ಬಡಿದವರನ್ನು ಹಿಂದಕ್ಕೆ ಕಳಿಸುವುದು ನಮ್ಮ ಕಡೆ ಕೊಲೆಗೆ ಸಮ. ಮೇಜಿನ ಮೇಲೆ, ಮೇಜಿನ ಕೆಳಗೆ, ಮೆಟ್ಟಿಲಿಗೊಬ್ಬರಂತೆ ಮಲಗಿಸಿದರು. ಬೆಳಿಗ್ಗೆ ಸೆರಾಫಿನ್ ಎಲ್ಲೂ ಕಾಣಲಿಲ್ಲ. ಹುಡುಕಿದರೆ ಪೊರಕೆ ಇಡುವ ಗೂಡಿನಲ್ಲಿ ನಿಂತುಕೊಂಡೇ ಗೊರಕೆ ಹೊಡೆಯುತ್ತಿದ್ದ. ಬುರ್ಗಿ ಅದನ್ನು ನೆನೆದು ಎಷ್ಟು ಸಲ ನಕ್ಕಳೋ!

ಆ ಸೆರಾಫಿನ್ ಒಂದು ಜೂನ್ ಬೆಳಿಗ್ಗೆ ಮನೆ ಹಿಂದಿನ ನೀರಿನ ಬುಗ್ಗೆಗೆ ಪೈಪು ಜೋಡಿಸಲು ಹೋದವನು ಕರಗುತ್ತಿದ್ದ ಹಿಮದ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಬುರ್ಗಿಗೆ ಅವನನ್ನು ಎತ್ತಲಾಗಲಿಲ್ಲ. ಮನೆ ಮುಂದೆ ನಿಂತು ಕಣಿವೆಯ ಕಡೆಗೆ ಗಂಟಲು ಹರಿಯುವಂತೆ ಕೂಗಿದಳು. ಅಷ್ಟು ದೂರಕ್ಕೆ ಯಾವ ಗಂಟಲು ಮುಟ್ಟುತ್ತದೆ? ಮನೆಯಲ್ಲಿದ್ದ ಕಂಬಳಿಯನ್ನೆಲ್ಲ ಅವನ ಮೇಲೆ ಹೊದಿಸಿ, ಎದ್ದೆನೋ ಬಿದ್ದೆನೋ ಎಂದು ಊರಿಗೆ ಓಡಿದಳು. ಜನ ಕಟ್ಟಿಕೊಂಡು ಮತ್ತೆ ಮೇಲೆ ಬರುವಷ್ಟರಲ್ಲಿ ಸಂಜೆ. ಹೊದಿಸಿದ್ದು ಹೊದಿಸಿದ ಹಾಗೇ ಇತ್ತು, ಒಳಗೆ ಜೀವ ಇರಲಿಲ್ಲ. ಬುರ್ಗಿ ಅಳಲಿಲ್ಲ. "ಕೂಗ್ದೆ, ಯಾರೂ ಬರ್ಲಿಲ್ಲ," ಎಂದು ಒಂದೇ ಒಂದು ಸಲ ಹೇಳಿದಳು. ಆಮೇಲೆ ಆ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ.

ರೋಮೆಡ್ ಆ ಹೊತ್ತಿನಲ್ಲಿ ತನ್ನ ಹೊಲದಲ್ಲಿ ಬೇಲಿ ಕಟ್ಟುತ್ತಿದ್ದ. ಅಲ್ಲಿಂದ ತಲೆ ಎತ್ತಿದರೆ ಕಾರ್‌ಬೋಡನ್ ಮನೆ ಕಾಣುತ್ತದೆ, ಅದರ ಮುಂದಿನ ಹುಲ್ಲಿನ ಇಳಿಜಾರೂ ಕಾಣುತ್ತದೆ. ಬೆಟ್ಟದಲ್ಲಿ ಬಿದ್ದವರನ್ನು ಹೊತ್ತು ತರುವ ಊರಿನ ರಕ್ಷಣಾ ಪಡೆಗೆ ಮುಖಂಡನೂ ಅವನೇ. ತಂಗುಮನೆಯ ಒಡೆತನವಿದ್ದ ಪರ್ವತ ಸಂಘದವರು, "ರೋಮೆಡ್ ಒಪ್ಪಿದರೆ ತಂಗುಮನೆ ನಿನಗೇ ಇರಲಿ," ಎಂದು ಬುರ್ಗಿಗೆ ಹೇಳಿ ಕೈ ತೊಳೆದುಕೊಂಡರು. ಅವಳು ಹೋಗಿ ಭಾವನ ಅಡಿಗೆಮನೆಯಲ್ಲಿ ಕುಳಿತಳು.

"ಮೇಲೆ ಒಬ್ಳೇ ಇರ್ತೀಯಾ? ತಲೆ ಗಿಲೆ ಕೆಟ್ಟಿದ್ಯಾ ನಿಂಗೆ?" ಎಂದ ರೋಮೆಡ್.

"ಇಲ್ಲಿದ್ದು ಏನ್ ಮಾಡ್ಲಿ ಭಾವ? ನಿಮ್ಮ ಹಸು ಕರೀತಾ ಕೂತ್ಕೊಳ್ಲಾ?"

"ಕರಿ. ಏನೀಗ? ನನ್ನ ಹಸುಗೇನು ಕಡಿಮೆ?"

"ಕಡಿಮೆ ಏನಿಲ್ಲ, ಒದೆಯೋದ್ ಮಾತ್ರ ಜಾಸ್ತಿ," ಎಂದು ಒಲೆಯ ಕಡೆಯಿಂದ ಅವನ ಹೆಂಡತಿ ಫಿಲೊಮೆನಾ ಮೊಣಕಾಲು ಸವರಿಕೊಂಡಳು.

ಬುರ್ಗಿ ನಗಲಿಲ್ಲ. "ಭಾವ, ಇಲ್ಲಿ ನಾನು ಸೆರಾಫಿನನ ವಿಧವೆ. ಬೀದೀಲಿ ಹೋದ್ರೆ ಎಲ್ರೂ ದನಿ ತಗ್ಗಿಸ್ತಾರೆ. ಅಲ್ಲಿ ಹೋದ್ರೆ ಸಂಜೆ ಇಪ್ಪತ್ತು ಜನ ಹಸ್ಕೊಂಡು ಬರ್ತಾರೆ, ಸೂಪ್ ಎಲ್ಲಿ ಅಂತಾರೆ. ನಂಗೆ ಅದು ಬೇಕು. ಅದು ಬಿಟ್ರೆ ನಂಗೆ ಇನ್ನೇನೂ ಇಲ್ಲ."

ರೋಮೆಡ್ ಕಿಟಕಿಯ ಹತ್ತಿರ ಹೋಗಿ ಬೆಟ್ಟದ ಕಡೆ ನೋಡಿದ. "ಸರಿ. ಮನೆ ಮುಂದಿನ ಹುಲ್ಲಿನ ಮೇಲೆ ಬಿಳಿ ದುಪ್ಪಟಿ ಹಾಸು. ಏನಾದ್ರೂ ಆಯ್ತು ಅಂದ್ರೆ ಹಾಸು. ನಾವು ಇಲ್ಲಿಂದ ನೋಡ್ತಿರ್ತೀವಿ, ಕಂಡ್ರೆ ಬರ್ತೀವಿ. ಆದ್ರೆ ಒಂದು ಮಾತು ಕೇಳ್ಕೋ. ಕಾರಣ ಇಲ್ದೆ ಒಂದೇ ಒಂದು ಸಲ ಆ ದುಪ್ಪಟಿ ಹೊರಗೆ ಬಿತ್ತೋ, ಅಲ್ಲಿಗೆ ಮುಗೀತು. ಬೀಗದ ಕೈ ತಂದು ಇಲ್ಲಿಡ್ತೀಯ. ಕೆಲಸ ಬಿಟ್ಟು ಸುಮ್ಸುಮ್ನೆ ಓಡಿದ ಜನ ಎರಡ್ನೇ ಸಲ ಓಡಲ್ಲ."

"ಆಗ್ಲಿ," ಎಂದಳು ಬುರ್ಗಿ.

ಅವತ್ತಿನಿಂದ ಕಾರ್‌ಬೋಡನ್‌ನ ದುಪ್ಪಟಿಗಳು ಬಿಸಿಲು ಕಾಣಲಿಲ್ಲ. ಎಂಥ ಚಿನ್ನದಂಥ ಬಿಸಿಲು ಬಿದ್ದರೂ ಒದ್ದೆ ಬಟ್ಟೆಯನ್ನು ಹೊತ್ತು ಅಟ್ಟ ಹತ್ತಿ, ಹೊಗೆಕೊಳವೆಯ ಸುತ್ತ ಹಗ್ಗ ಕಟ್ಟಿ ಒಣಹಾಕುತ್ತಿದ್ದಳು. ಬಂದವರಿಗೆಲ್ಲ ಬೂಟಿನ ಮಾತು ಮುಗಿದೊಡನೆ ಎರಡನೇ ಮಾತು, "ಬಿಳೀದು ಯಾವ್ದೂ ಹೊರಗೆ ಹಾಕ್ಬೇಡಿ, ಕರ್ಚೀಫೂ ಬೇಡ." ಹೀಗೆ ಎರಡು ಬೇಸಿಗೆ ಕಳೆದವು. ದುಪ್ಪಟಿ ಹಾಸುವಂಥ ಕೆಟ್ಟದ್ದು ಏನೂ ಆಗಲಿಲ್ಲ.

ಮೂರನೇ ಬೇಸಿಗೆಯಲ್ಲಿ ಅಡೆಲ್‌ಹೈಡ್ ಬಂದಳು. ಪರ್ವತ ಸಂಘದ ಅಧ್ಯಕ್ಷರ ಹೆಂಡತಿ. ಗಂಡ ವರ್ಷಕ್ಕೊಮ್ಮೆ ಭಾಷಣದಲ್ಲಿ ಹೊಗಳುತ್ತಿದ್ದ ಬೆಟ್ಟವನ್ನು ತಾನೂ ಒಮ್ಮೆ ನೋಡಿಬಿಡೋಣ ಎಂದು ಹೊರಟ ತುಂಬು ಮೈಯ, ತುಂಬು ಮನಸ್ಸಿನ ಹೆಂಗಸು. ಮುಸ್ಸಂಜೆಗೆ ಹಿಮ್ಮಡಿ ಉಜ್ಜಿಹೋಗಿ ಕುಂಟುತ್ತ ಬಾಗಿಲಿಗೆ ಬಂದಳು. ಬುರ್ಗಿಗೆ ಕೈಕಾಲು ಆಡಲಿಲ್ಲ.

"ಬನ್ನಿ ಅಮ್ಮಾವ್ರೇ, ಕೂತ್ಕೊಳ್ಳಿ, ಸೂಪ್ ತಗೊಳ್ಳಿ."

"ಕೊನೇ ಮರ ದಾಟಿ ಎಷ್ಟ್ ಹೊತ್ತಾಯ್ತು! ಇನ್ನೊಂದ್ ಸಲ 'ನೀವು' ಅಂದ್ರೆ ಈ ಕುಂಟು ಕಾಲಲ್ಲೇ ವಾಪಸ್ ಇಳೀತೀನಿ ನೋಡು."

"ಸರಿ, ನೀನು... ತಗೋ," ಎಂದು ಹೇಳುವಷ್ಟರಲ್ಲಿ ಬುರ್ಗಿ ಬೆವೆತಿದ್ದಳು. ಆ ಗಡಿಬಿಡಿಯಲ್ಲಿ, ಎಲ್ಲರಿಗೂ ಹೇಳುವ ಆ ಎರಡನೇ ಮಾತನ್ನು ಅವಳಿಗೆ ಹೇಳಲಿಲ್ಲ. ಅಧ್ಯಕ್ಷರ ಹೆಂಡತಿ ಬಟ್ಟೆಗೆ ಕೈ ಹಾಕುತ್ತಾಳೆಂದು ಯಾರಾದರೂ ಕನಸು ಕಂಡಿರುತ್ತಾರೆಯೇ?

ಮರುದಿನ ನಸುಕಿಗೇ ಉಳಿದವರೆಲ್ಲ ಶಿಖರಕ್ಕೆ ಹೊರಟುಹೋದರು. ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡ ಅಡೆಲ್‌ಹೈಡ್ ಉಳಿದಳು. ಬುಗ್ಗೆಯ ಬಾಯಿಗೆ ಕಲ್ಲುಮಣ್ಣು ಕಟ್ಟಿಕೊಂಡು ನೀರು ಸಣ್ಣಗಾಗಿತ್ತು. "ಒಲೆ ಮೇಲೆ ಸೂಪಿದೆ, ತಳ ಹಿಡೀದ ಹಾಗೆ ನೋಡ್ಕೋ, ಬಂದ್ಬಿಡ್ತೀನಿ," ಎಂದು ಬುರ್ಗಿ ಸಲಿಕೆ ಹಿಡಿದು ಗುಡ್ಡದ ಹಿಂದಕ್ಕೆ ಹೋದಳು.

ಸುಮ್ಮನೆ ಕೂರುವ ಜೀವವಲ್ಲ ಅಡೆಲ್‌ಹೈಡಳದು. ಸೂಪು ತಿರುವಿದಳು, ಮೇಜು ಒರೆಸಿದಳು, ಅಟ್ಟ ಹತ್ತಿದಳು. ನೋಡಿದರೆ ಹೊಗೆಕೊಳವೆಯ ಸುತ್ತ ರಾಶಿ ದುಪ್ಪಟಿ. ರಾತ್ರಿಯೆಲ್ಲ ಆ ವಾಸನೆಯಲ್ಲಿ ಸೀನಿದ್ದಳು ಬೇರೆ. ಅಯ್ಯೋ ಪಾಪ, ಒಂಟಿ ಹೆಂಗಸು, ಹೊರಗೆ ಹಾಕಿ ಒಳಗೆ ತರಲು ಅವಳಿಗೆ ಪುರುಸೊತ್ತೆಲ್ಲಿ ಎಂದುಕೊಂಡಳು. ಅವಳ ಅಜ್ಜಿ ಬಿಳಿ ಬಟ್ಟೆಯನ್ನು ಹುಲ್ಲಿನ ಮೇಲೆ ಹಾಸಿ, ನೀರು ಚಿಮುಕಿಸಿ, ಬಿಸಿಲಿಗೆ ಬೆಳ್ಳಗೆ ಮಾಡುತ್ತಿದ್ದದ್ದು ನೆನಪಾಯಿತು. ಕುಂಟುಕಾಲಿನಲ್ಲೇ ತಬ್ಬು ತಬ್ಬಾಗಿ ಕೆಳಗೆ ಹೊತ್ತು ತಂದಳು. ಒಂದಲ್ಲ ಎರಡಲ್ಲ, ಮನೆಯಲ್ಲಿದ್ದಷ್ಟನ್ನೂ ಹಾಸಿದಳು. ಉಪಕಾರ ಮಾಡುವಾಗ ಕೆಲವರಿಗೆ ಕೈ ಹಿಡಿತದಲ್ಲಿರುವುದಿಲ್ಲ.

ಕೆಳಗೆ ಊರಿನಲ್ಲಿ ಅವತ್ತು ಎಂಥ ದಿನ ಗೊತ್ತೇ? ಎರಡು ವಾರ ಬಿಡದೆ ಸುರಿದ ಮಳೆ ನಿಂತು ಬಿಸಿಲು ಬಂದಿತ್ತು. ಇಡೀ ಊರು ಹುಲ್ಲು ಕೊಯ್ದು ಹರವಿತ್ತು. ಆ ಹುಲ್ಲು ಒಣಗಿ ಅಟ್ಟ ಸೇರಿದರೆ ಚಳಿಗಾಲವಿಡೀ ದನಕ್ಕೆ ಮೇವು, ಇಲ್ಲದಿದ್ದರೆ ದನ ಮಾರಬೇಕು. ಫಿಲೊಮೆನಾ ಹುಲ್ಲು ಬಾಚುವ ಹಲುಬೆ ಎಳೆಯುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿ ಮೇಲೆ ನೋಡಿದಳು.

"ಅಯ್ಯೋ ದೇವ್ರೇ! ದುಪ್ಪಟಿ! ರೀ, ಒಂದಲ್ಲಾ ರೀ, ಮನೇಲಿರೋದೆಲ್ಲಾ ಹಾಸ್ಬಿಟ್ಟಿದ್ದಾಳೆ!"

ಒಂದು ದುಪ್ಪಟಿ ಎಂದರೆ ಒಬ್ಬರಿಗೆ ಕಾಲು ಮುರಿದಿದೆ ಎಂದುಕೊಳ್ಳಬಹುದು. ಇಳಿಜಾರು ಪೂರ್ತಿ ಬೆಳ್ಳಗಾಗಿದ್ದರೆ ಏನೆಂದುಕೊಳ್ಳಬೇಕು? ಮನೆಯೇ ಕುಸಿಯಿತು ಎಂದರು ಕೆಲವರು, ಹಗ್ಗ ಕಡಿದು ಗುಂಪಿಗೆ ಗುಂಪೇ ಬಿತ್ತು ಎಂದರು ಕೆಲವರು. ಚರ್ಚಿನ ಗಂಟೆ ಹೊಡೆಯಿತು. ಗಂಡಸರೆಲ್ಲ ಹಲುಬೆ ಬಿಸಾಡಿ ಹೊರಟರು. ಊರಿಗೇ ದೊಡ್ಡ ಜಿಪುಣ ಹಾರ್ಟಲ್ ಸ್ಟ್ರೆಚರನ್ನು ತಾನೇ ಬೆನ್ನಿಗೇರಿಸಿಕೊಂಡ. ಎಲ್ಲರಿಗಿಂತ ಮುಂದೆ, ಐವತ್ತು ದಾಟಿದ ರೋಮೆಡ್.

ಬುಗ್ಗೆಯ ಕೆಲಸ ಎಣಿಸಿದ್ದಕ್ಕಿಂತ ಬಹಳ ಹೊತ್ತು ಹಿಡಿದು, ಬುರ್ಗಿ ಗುಡ್ಡದ ತಿರುವು ದಾಟಿ ಬಂದವಳು ಆ ಬಿಳುಪನ್ನು ಕಂಡಳು. ಸಲಿಕೆ ಎಸೆದು ಓಡಿ ಬಂದು ದುಪ್ಪಟಿಗಳನ್ನು ಬಾಚತೊಡಗಿದಳು.

"ಇರ್ಲಿ ಬಿಡೇ, ಇನ್ನೂ ಒಣಗಿಲ್ಲ," ಎಂದು ಅಡೆಲ್‌ಹೈಡ್ ನಗುನಗುತ್ತ ಹೊಸ್ತಿಲಿಗೆ ಬಂದಳು.

"ಯಾಕ್ ಹಾಸ್ದೆ? ಯಾಕೇ ಹಾಸ್ದೆ?"

ಬುರ್ಗಿಯ ಮುಖ ನೋಡಿ ಅಡೆಲ್‌ಹೈಡಳ ನಗು ಇಂಗಿತು. ಬುರ್ಗಿ ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು. ಅಷ್ಟರಲ್ಲಿ ಕಾಡಿನ ಅಂಚು ದಾಟಿ ಸಣ್ಣ ಸಣ್ಣ ಚುಕ್ಕಿಗಳು ಮೇಲೆ ಬರುವುದು ಕಾಣುತ್ತಿತ್ತು. ಬುರ್ಗಿ ಸೊಂಟಕ್ಕೆ ಕಟ್ಟಿಕೊಂಡಿದ್ದ ಏಪ್ರನ್ ಬಿಚ್ಚಿ, ಬೇಡ, ಹೋಗಿ ಎಂದು ಜೋರಾಗಿ ಬೀಸಿದಳು. ನೋಡಿ ನಮ್ಮವರ ಬುದ್ಧಿ: ಬನ್ನಿ ಎನ್ನಲು ಗುರುತು ಮಾಡಿಕೊಂಡಿದ್ದರು, ಬೇಡ ಎನ್ನಲು ಒಂದು ಗುರುತು ಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಬೀಸುವುದನ್ನು ಕಂಡು ಚುಕ್ಕಿಗಳು ಇನ್ನಷ್ಟು ಜೋರಾಗಿ ಓಡತೊಡಗಿದವು.

ಅಡೆಲ್‌ಹೈಡ್ ಒಂದು ನಿಮಿಷ ಕೆನ್ನೆಗೆ ಕೈ ಕೊಟ್ಟು ನಿಂತವಳು ತಟ್ಟನೆ, "ನಂಗೆ ಹೊಟ್ಟೆ ನೋವು," ಎಂದಳು.

"ಏನು?"

"ತಡೆಯೋಕಾಗದ ಹೊಟ್ಟೆ ನೋವು. ಸಾಯೋ ಹಾಗಿದೆ. ಅದಕ್ಕೇ ಹಾಸ್ದೆ ಅಂತ ಹೇಳು. ಹೊತ್ಕೊಂಡ್ ಹೋಗ್ಲಿ ನನ್ನ, ಅವಮಾನ ಆದ್ರೆ ನಂಗೆ ಆಗ್ಲಿ. ನಿನ್ನ ಮನೆ ಉಳೀತಲ್ಲ!"

ಬುರ್ಗಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅಡೆಲ್‌ಹೈಡ್ ಹೋಗಿ ಒಲೆಯ ಪಕ್ಕದ ಬೆಂಚಿನ ಮೇಲೆ ಮುದುರಿಕೊಂಡಳು.

ಮೊದಲು ಬಂದವನು ರೋಮೆಡ್. ಅಂಗಿ ಮೈಗೆ ಅಂಟಿತ್ತು. ಬಾಗಿಲ ಚೌಕಟ್ಟು ಹಿಡಿದು ಬುರ್ಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಅವಳ ಭುಜ, ಮೊಣಕೈ, ಮುಂಗೈ ಒಂದೊಂದನ್ನೇ ಒತ್ತಿ ನೋಡಿದ, ಎಲುಬು ಸರಿಯಿದೆಯೋ ಇಲ್ಲವೋ ಎನ್ನುವಂತೆ.

"ಯಾರು?" ಎಂದ ಕೊನೆಗೆ.

ಒಳಗಿನಿಂದ ಅಡೆಲ್‌ಹೈಡ್, "ಅಯ್ಯೋ... ಹೊಟ್ಟೇ..." ಎಂದು ನರಳ ಹತ್ತಿದಳು. ನಾಟಕದಲ್ಲಿ ಸಾಯುವವರೂ ಅಷ್ಟು ದೊಡ್ಡದಾಗಿ ನರಳುವುದಿಲ್ಲ. ಹಿಂದೆಯೇ ಉಳಿದವರೂ ಬಂದರು. ಅಷ್ಟೊಂದು ದುಪ್ಪಟಿಗೆ ಒಂದೇ ಹೊಟ್ಟೆಯೇ ಎಂದು ಯಾರೂ ಕೇಳಲಿಲ್ಲ. ಸೊರಗಿದ ದನಿಯಲ್ಲಿ ರೋಮೆಡ್ ಕೆಲಸ ಹಂಚಿದ. "ಆರು ಜನ ಹೊರ್ಬೇಕು. ಕಡಿದಾದ ಕಡೆ ಮಿಕ್ಕೋರು ಹಗ್ಗ ಹಿಡೀರಿ. ಕೆಳಗೆ ಮುಟ್ಟೋಕೆ ಸಂಜೆ ಆಗತ್ತೆ."

ಹಾರ್ಟಲ್ ಬೆನ್ನಿನಿಂದ ಸ್ಟ್ರೆಚರ್ ಇಳಿಸಿದ. ಪಡುವಣ ದಿಕ್ಕಿನಲ್ಲಿ, ಕಣಿವೆಯ ತಲೆಯ ಮೇಲೆ ಕಪ್ಪು ಮೋಡ ಕೂಡಿಕೊಳ್ಳುತ್ತಿತ್ತು. ಅವನು ಒಂದು ಸಲ, ಒಂದೇ ಸಲ, ಅತ್ತ ನೋಡಿದ. ಆಮೇಲೆ ಬಗ್ಗಿ ಸ್ಟ್ರೆಚರಿನ ಪಟ್ಟಿ ಬಿಗಿಯತೊಡಗಿದ. ಕಾಸಿಗೆ ಕಾಸು ಗಂಟು ಹಾಕುವ ಹಾರ್ಟಲ್!

ಬುರ್ಗಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ಸುಮ್ಮನಿದ್ದರೆ ಮನೆ ತನ್ನದು. ಬಾಯಿ ಬಿಟ್ಟರೆ ಈಗಲೇ ಇಳಿದು ಓಡುವ ಇವರಿಗೆ ಹುಲ್ಲಾದರೂ ಸಿಕ್ಕೀತು.

"ಬಿಡಿ ಭಾವ. ಯಾರಿಗೂ ಏನೂ ಆಗಿಲ್ಲ. ಬಟ್ಟೆ ಒಣಗೋಕೆ ಹಾಕಿದ್ದು. ಹಾಕ್ಬಾರ್ದು ಅಂತ ಇವಳಿಗೆ ನಾನು ಹೇಳಿರ್ಲಿಲ್ಲ. ಹೋಗಿ, ಬೇಗ ಇಳೀರಿ, ಮೋಡ ಬರ್ತಿದೆ."

ನರಳುವಿಕೆ ಗಕ್ಕನೆ ನಿಂತಿತು. ಅಡೆಲ್‌ಹೈಡ್ ಎದ್ದು ಕುಳಿತು, ತಲೆ ತಗ್ಗಿಸಿ, "ಹೌದು," ಎಂದಳು.

"ನನ್ನ ಹುಲ್ಲಿಗೇ ಹೊಟ್ಟೆ ನೋವು ತಂದ್ಯಲ್ಲೇ ತಾಯಿ!" ಎಂದು ಹಾರ್ಟಲ್ ಕೂಗಿದ. ಯಾರೋ ನಕ್ಕರು, ಯಾರೋ ಬೈದರು, ಬೈಯುತ್ತಲೇ ಇಳಿದು ಓಡಿದರು. ರೋಮೆಡ್ ಮಾತ್ರ ನಿಂತಿದ್ದ.

"ತಪ್ಪು ನಂದು, ಇವಳದ್ದಲ್ಲ," ಎಂದಳು ಅಡೆಲ್‌ಹೈಡ್.

"ತಪ್ಪು ಯಾರ್ದು ಅಂತ ನಾನು ಕೇಳ್ಲಿಲ್ಲ." ಅವನು ಬುರ್ಗಿಯ ಕಡೆ ತಿರುಗಿದ. "ಹೇಳಿದ್ದೆ."

"ಹೇಳಿದ್ರಿ."

"ಬೇಸಿಗೆ ಮುಗಿದ್ ಮೇಲೆ ಬೀಗದ ಕೈ ತಗೊಂಡ್ ಬಾ." ಅಷ್ಟು ಹೇಳಿ ಇಳಿದುಹೋದ.

ಮಳೆ ಮಧ್ಯಾಹ್ನವೇ ಹಿಡಿಯಿತು. ಓಡಿಹೋದವರು ಬಾಚಿಕೊಂಡಷ್ಟು ಬಾಚಿಕೊಂಡರು, ಅರ್ಧಕ್ಕಿಂತ ಹೆಚ್ಚೇ ಮಳೆಗೆ ಸಿಗದೆ ಉಳಿಯಿತು. ಹಾರ್ಟಲನ ಮೇಲಿನ ಹೊಲದ ಹುಲ್ಲು ಮಾತ್ರ ಕಪ್ಪಾಗಿ ಕೊಳೆಯಿತು. ಆ ಚಳಿಗಾಲವಿಡೀ ಅವನು ಅದನ್ನು ಹೇಳಿಕೊಂಡು ಹೇಳಿಕೊಂಡು ಪುಕ್ಕಟೆ ಸಾರಾಯಿ ಕುಡಿದ. ಲೆಕ್ಕ ಹಾಕಿದರೆ ಹುಲ್ಲಿಗಿಂತ ಅದೇ ಜಾಸ್ತಿಯಾಗಿರಬೇಕು.

ಬುರ್ಗಿ ಬೇಡಿಕೊಳ್ಳಲಿಲ್ಲ. ಅಡೆಲ್‌ಹೈಡ್ ಗಂಡನಿಂದ ಹೇಳಿಸುತ್ತೇನೆಂದಾಗ, "ಬೇಡ, ಆಡಿದ ಮಾತು ಆಡಿದ್ದೇ," ಎಂದಳು. ಬೇಸಿಗೆಯಲ್ಲಿ ಉಳಿದ ದಿನಗಳನ್ನು ಅವಳು ಒಂದೊಂದಾಗಿ ಬೆರಳಲ್ಲಿ ಹಿಡಿದು ನೋಡುವಂತೆ ಕಳೆದಳು. ಸಂಜೆ ಹಾದಿಯ ತಿರುವಿನಲ್ಲಿ ಕೋಲಿನ ಟಕ್ ಟಕ್ ಕೇಳಿದರೆ ಇದನ್ನು ಇನ್ನೆಷ್ಟು ಸಲ ಕೇಳಿಯೇನು ಎನ್ನಿಸುತ್ತಿತ್ತು. ಮಂಜು ಕವಿದ ರಾತ್ರಿ ದಾರಿ ತಪ್ಪಿದವರಿಗೆಂದು ಬಾಗಿಲ ಗಂಟೆ ಹೊಡೆಯುವಾಗ, ತಾನು ಹೊಡೆಯುತ್ತಿದ್ದರೆ ಸೆರಾಫಿನ್ ಒಳಗಿನಿಂದ ಅದೇ ತಾಳಕ್ಕೆ ಅಪಸ್ವರದಲ್ಲಿ ಹಾಡುತ್ತಿದ್ದದ್ದು ನೆನಪಾಗುತ್ತಿತ್ತು. ಬಂದವರಿಗೆ ಅವಳು ಏನೂ ಹೇಳಲಿಲ್ಲ. "ಬರೋ ವರ್ಷ ಮತ್ತೆ ಬರ್ತೀವಿ ಬುರ್ಗಿ," ಎಂದವರಿಗೆ, "ಬೂಟ್ ಒರೆಸ್ಕೊಂಡ್ ಬನ್ನಿ," ಎಂದಷ್ಟೇ ಹೇಳಿ ಕಳಿಸಿದಳು. ಅವರು ಕಣ್ಮರೆಯಾಗುವವರೆಗೂ ಹೊಸ್ತಿಲಲ್ಲಿ ನಿಂತಿರುತ್ತಿದ್ದಳು. ಮುಂಚೆ ಹಾಗೆ ಎಂದೂ ನಿಂತವಳಲ್ಲ.

ಸೆಪ್ಟೆಂಬರ್ ಕೊನೆಗೆ ಹಿಮ ಬಿತ್ತು. ಕಂಬಳಿಗಳನ್ನು ಇಲಿ ಮುಟ್ಟದ ಹಾಗೆ ಹಗ್ಗಕ್ಕೆ ತೂಗುಹಾಕಿದಳು. ಚಳಿಗಾಲದಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡು ಬಂದರೆ ಎಂದು ಪಕ್ಕದ ಸಣ್ಣ ಕೋಣೆಗೆ ಬೀಗ ಹಾಕದೆ, ಒಣ ಸೌದೆ, ಬೆಂಕಿಪೊಟ್ಟಣ ಇಟ್ಟಳು. ಒಲೆಯ ಬೂದಿ ತೆಗೆದಳು. ಮುಚ್ಚಳದ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ನಿಂತಳು. ಆಮೇಲೆ ದೊಡ್ಡ ಬಾಗಿಲಿಗೆ ಬೀಗ ಹಾಕಿ ಇಳಿದಳು.

ಭಾವನ ಮನೆಯಲ್ಲಿ ಮಧ್ಯಾಹ್ನದ ಊಟದ ಹೊತ್ತು. ಫಿಲೊಮೆನಾ ತಟ್ಟೆ ಇಡುತ್ತಿದ್ದಳು, ರೋಮೆಡ್ ರೊಟ್ಟಿ ಕೊಯ್ಯುತ್ತಿದ್ದ. ಬುರ್ಗಿ ಬೀಗದ ಕೈಯನ್ನು ಅವನ ಮುಂದೆ ಮೇಜಿನ ಮೇಲಿಟ್ಟಳು. ಅವನು ಅದನ್ನು ನೋಡಿದ, ಮುಟ್ಟಲಿಲ್ಲ.

"ಕೂತ್ಕೋ."

ಕುಳಿತಳು.

"ಅವತ್ತು ಹತ್ತೋವಾಗ ನೀನು ಸತ್ತೇ ಹೋಗಿದ್ದೀಯ ಅಂದ್ಕೊಂಡೇ ಹತ್ತಿದ್ದು," ಎಂದ ರೋಮೆಡ್, ರೊಟ್ಟಿಯ ಮೇಲಿಂದ ಕಣ್ಣು ತೆಗೆಯದೆ. "ಬಂದ್ ನೋಡಿದ್ರೆ ಗುಂಡುಕಲ್ಲಿನ ಹಾಗೆ ನಿಂತಿದ್ದೀಯ. ಸಿಟ್ಟು ಬಂತು. ಆ ಸಿಟ್ಟಲ್ಲೇ ಬೀಗದ ಕೈ ತಗೊಂಡ್ ಬಾ ಅಂದೆ. ಆಮೇಲೆ ಈ ಎರಡು ತಿಂಗಳು ಯೋಚ್ನೆ ಮಾಡ್ದೆ."

"ಎರಡು ತಿಂಗ್ಳು ನನ್ನನ್ನೂ ಮಲಗೋಕ್ ಬಿಟ್ಟಿಲ್ಲ," ಎಂದಳು ಫಿಲೊಮೆನಾ.

"ನೀ ಸುಮ್ನಿರೇ. ನೋಡು ಬುರ್ಗಿ, ನಾನು ಆ ಷರತ್ತು ಹಾಕಿದ್ದು ನೀನು ಸುಮ್ಸುಮ್ನೆ ಹಾಸ್ತೀಯ ಅಂತಲ್ಲ. ನೀನು ಅಂಥವಳಲ್ಲ ಅಂತ ನಂಗೊತ್ತು. ನಂಗೆ ಭಯ ಇದ್ದಿದ್ದು ಬೇರೆ. ನೀನು ಹಾಸ್ತೀಯ, ಕಾಯ್ತೀಯ, ಇಲ್ಲಿ ಒಬ್ರಿಗೂ ಬರೋಕೆ ಮನಸ್ಸಾಗಲ್ಲ. ಹುಲ್ಲಿದೆ, ದನ ಇದೆ, ನಾಳೆ ನೋಡೋಣ ಅಂತಾರೆ. ಆ ಭಯ ನನ್ನ ಹೊಟ್ಟೇಲಿತ್ತು. ಏನೋ ಒಂದು ನೆಪ ಸಿಕ್ಲಿ, ಇವಳನ್ನ ಕೆಳಗೆ ತಂದ್ಬಿಡೋಣ ಅಂತ ಕಾಯ್ತಿದ್ದೆ."

ಅವನು ಚಾಕು ಕೆಳಗಿಟ್ಟ.

"ಅವತ್ತು ಅರ್ಧ ದಾರೀಲಿ ಹಿಂದೆ ತಿರುಗಿ ನೋಡ್ದೆ. ಹಾರ್ಟಲ್ ಬರ್ತಿದ್ದ ಕಣೆ, ಬೆನ್ನ ಮೇಲೆ ಸ್ಟ್ರೆಚರ್ ಹೊತ್ಕೊಂಡು! ಅವನ ಹಿಂದೆ ಇಡೀ ಊರು ಬರ್ತಿತ್ತು. ವರ್ಷದ ಮೇವು ನೆಲದ್ಮೇಲೆ ಬಿಟ್ಟು, ಒಬ್ನೂ ಹಿಂದೆ ತಿರುಗ್ದೆ ಬರ್ತಿದ್ರು. ಬರ್ತಾರೆ ಬುರ್ಗಿ. ಕರೆದ್ರೆ ಬರ್ತಾರೆ. ನಂಗೆ ಅದು ಗೊತ್ತಿರ್ಲಿಲ್ಲ."

ಅವನು ಬೀಗದ ಕೈಯನ್ನು ಬೆರಳಿನಿಂದ ಅವಳ ತಟ್ಟೆಯ ಪಕ್ಕಕ್ಕೆ ತಳ್ಳಿದ. ಬುರ್ಗಿ ಅದನ್ನು ತೆಗೆದುಕೊಳ್ಳಲಿಲ್ಲ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಅವತ್ತೂ ಬರ್ತಿದ್ರಾ ಭಾವ? ಸೆರಾಫಿನ್ ಬಿದ್ದ ದಿನ? ಕಂಡಿದ್ರೆ?"

ರೋಮೆಡನ ಕಣ್ಣು ತುಂಬಿ ಬಂದವು. ಒರೆಸಿಕೊಳ್ಳಲಿಲ್ಲ.

"ಕಂಡಿದ್ರೆ ಬರ್ತಿದ್ವಮ್ಮ. ಎಲ್ರೂ ಓಡಿ ಬರ್ತಿದ್ವಿ."

ಬುರ್ಗಿ ಮೇಜಿಗೆ ತಲೆಯಿಟ್ಟು, ಗಂಡ ಸತ್ತ ಮೂರು ವರ್ಷಕ್ಕೆ ಮೊದಲ ಸಲ, ಆ ದೊಡ್ಡ ಗಂಟಲಿನಲ್ಲಿ ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಫಿಲೊಮೆನಾ ಪಕ್ಕದಲ್ಲಿ ಬಂದು ಕುಳಿತು ಅವಳ ಬೆನ್ನು ಸವರಿದಳು. ಸೂಪು ಆರಿಹೋಯಿತು, ಯಾರೂ ಬಡಿಸಲಿಲ್ಲ.